ಹಗೇವಿನೊಳಗಿನ ದೀಪ

ಅಫಜಲಪುರದ ಬಸ್ ಸ್ಟ್ಯಾಂಡ್ ಎದುರಿನ ಚಹಾದಂಗಡಿಯಲ್ಲಿ ಅವರು ಯಾವಾಗಲೂ ಸ್ಟೋವಿನ ಕಡೆ ಮುಖ ಮಾಡಿಯೇ ಕೂಡುತ್ತಿದ್ದರು. ರಸ್ತೆ ನೋಡುತ್ತ, ಹೋಗಿ ಬರುವವರನ್ನು ಮಾತಾಡಿಸುತ್ತ ಚಹಾ ಕುಡಿಯುವ ನಮ್ಮಂಥವರಿಗೆಲ್ಲ ಅವರ ಬೆನ್ನೇ ಗತಿ. ಅಂಗಡಿಯವನಿಗೆ ಮೊದಮೊದಲು ಸಿಟ್ಟು ಬರುತ್ತಿತ್ತು. ತನ್ನ ಪಾತ್ರೆ ಸ್ವಚ್ಛ ಇವೆಯೋ ಇಲ್ಲವೋ ಎಂದು ಈ ಮಾಸ್ತರ ಕಾವಲು ಕೂಡುತ್ತಾನೆ ಎಂದು ತಿಳಿದಿದ್ದ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ.

"ದಿನಾ ಏನ್ ನೋಡ್ತೀರಿ ಸರ?"

"ಉರಿ ನೋಡಾಕತ್ತೇನಿ."

"ಉರಿಯೊಳಗ ಏನದರಿ ನೋಡೂದು?"

"ಅದು ತಿಳಿದಿದ್ರ ದಿನಾ ಯಾಕ ನೋಡ್ತಿದ್ನೋ ಮಾರಾಯಾ" ಎಂದು ನಕ್ಕರು. ಅಂದಿನಿಂದ ಆ ಅಂಗಡಿಯಲ್ಲಿ ಅವರು ಉರಿ ಮಾಸ್ತರರಾದರು. ಅವರ ನಿಜವಾದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಸನ್ಮಾನದ ಶಾಲಿಗೂ ಹೆಸರಿನ ಫಲಕಕ್ಕೂ ಮಾರು ದೂರ ನಿಲ್ಲುತ್ತಿದ್ದ ಮನುಷ್ಯ. ಸತ್ತ ಮೇಲೆ ಹಿಡಿದು ಕಟ್ಟಿಹಾಕುವುದು ನ್ಯಾಯವಲ್ಲ.

ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆಯಾದಾಗ ನನ್ನನ್ನೇ ಮಾತಾಡಲು ಕರೆದರು. ಹದಿನೈದು ವರ್ಷ ಬಾಜೂ ಬಾಜೂ ಮನೆಯಲ್ಲಿ ಇದ್ದವನು, ಅದರ ಮೇಲೆ ಕನ್ನಡ ಕಲಿಸುವವನು, ಮಾತು ಬಾರದೆ ಇರುತ್ತದೆಯೇ ಎಂದು ಕಾಲೇಜಿನವರ ನಂಬಿಕೆ. ನನಗೆ ಬರಲಿಲ್ಲ. "ಒಳ್ಳೆಯವರಿದ್ದರು" ಎಂದು ಹೇಳಿ ಕೂತುಬಿಟ್ಟೆ. ಊರಲ್ಲಿ ಸತ್ತ ಪ್ರತಿಯೊಬ್ಬನಿಗೂ ಅನ್ನುವ ಮಾತು ಅದು. ಅವರ ವಿಷಯದಲ್ಲೂ ಅಷ್ಟರಲ್ಲೇ ಕೈ ತೊಳೆದುಕೊಂಡದ್ದು ಇನ್ನೂ ಚುಚ್ಚುತ್ತಿದೆ. ಅದಕ್ಕೆ ಇಷ್ಟು ಬರೆಯಲು ಕೂತಿದ್ದೇನೆ.

ನಾನು ಜೇವರ್ಗಿಯ ಸಾಬರವನು. ಅವರು ಆಳಂದ ತಾಲ್ಲೂಕಿನವರು, ಹಿರೋಳ್ಳಿ ಕಡೆಯ ಒಂದು ಹಳ್ಳಿ. ಮನೆಯಲ್ಲಿ ಲಿಂಗಪೂಜೆ ತಪ್ಪದ ಒಕ್ಕಲುತನದ ಮಂದಿ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಇಬ್ಬರೂ ಹೆಚ್ಚುಕಮ್ಮಿ ಒಟ್ಟಿಗೇ ಅಫಜಲಪುರಕ್ಕೆ ಬಂದು ಬಿದ್ದೆವು, ನಾನು ಕನ್ನಡಕ್ಕೆ, ಅವರು ಭೌತಶಾಸ್ತ್ರಕ್ಕೆ. ನನ್ನನ್ನು ಭಾಯಿ ಎಂದು ಕರೆಯುತ್ತಿದ್ದರು, ನನ್ನ ಹೆಂಡತಿಯನ್ನು ಭಾಭಿ ಎಂದು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಲೆಕ್ಕ ಮುಗೀಲಿ" ಎನ್ನುತ್ತಿದ್ದರು. ಯಾವ ಲೆಕ್ಕ ಎಂದು ಯಾರೂ ಕೇಳುತ್ತಿರಲಿಲ್ಲ. ಹೆಣ್ಣು ಕೊಡುವವರಿಗೆ ಅಷ್ಟು ವ್ಯವಧಾನ ಇರುವುದಿಲ್ಲ.

ಲೆಕ್ಕ ಮಾತ್ರ ಖರೇ ಇತ್ತು. ಗಾಳಿ ಸಾಲದ ಜಾಗದಲ್ಲಿ ಬೆಂಕಿ ಹೇಗೆ ಉರಿಯುತ್ತದೆ ಎಂಬುದು ಅವರ ಸಂಶೋಧನೆ. ದೊಡ್ಡ ಭಟ್ಟಿಗಳಲ್ಲಿ ಸುಟ್ಟ ಹೊಗೆಯನ್ನೇ ತಿರುಗಿ ಒಳಗೆ ಬಿಟ್ಟು ಆಮ್ಲಜನಕ ಕಡಿಮೆ ಮಾಡುತ್ತಾರಂತೆ. ಆಗ ಉರಿ ಮೆತ್ತಗಾಗುತ್ತದೆ, ಭಟ್ಟಿ ಎಲ್ಲ ಕಡೆ ಸಮನಾಗಿ ಕಾಯುತ್ತದೆ, ವಿಷದ ಹೊಗೆ ತಗ್ಗುತ್ತದೆ. ಆದರೆ ಕೈ ಸ್ವಲ್ಪ ತಪ್ಪಿದರೆ ಉರಿ ಆರಿಯೇಹೋಗುತ್ತದೆ. ಎಲ್ಲಿಯ ತನಕ ಉರಿದೀತು, ಎಲ್ಲಿ ಆರೀತು ಎಂದು ಭಟ್ಟಿ ಕಟ್ಟುವ ಮೊದಲೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೇಳಬೇಕು. ಕನ್ನಡದ ಮಾಸ್ತರನ ತಲೆಗೆ ಇಳಿಯಲಿ ಎಂದು ಅವರು ಎಷ್ಟೋ ಸಲ ಹೇಳಿದ್ದರಿಂದ ಇಷ್ಟಾದರೂ ಬರೆಯಬಲ್ಲೆ.

"ಹಿಂದಿನವರು ಏನ್ ಮಾಡಿದ್ರು ಗೊತ್ತೇನ್ ಭಾಯಿ? ಉರುವಲು, ಗಾಳಿ ಎರಡೂ ಕೂಡಿದ್ವು ಅಂದ್ರ ಉರೀತು ಅಂತ ಬರ್ಕೊಂಡ್ರು. ಹೆಣ್ಣು ನೋಡಾಕ ಹೋದ ದಿನಾನ ತಾಳಿ ಕಟ್ಟಿಬಿಟ್ಟಂಗ. ಗಾಳಿ ಭರಪೂರ ಇದ್ದಲ್ಲಿ ಆ ಲೆಕ್ಕ ನಡೀತದ. ಗಾಳಿ ಕಡಿಮಿ ಇದ್ದಲ್ಲಿ ಕೂಡಿದ್ರೂ ಉರಿಯೂದಿಲ್ಲ, ತಡಾ ಮಾಡ್ತದ, ಕಾಯ್ತದ, ಆಮ್ಯಾಲ ಒಂದು ಮೂಲಿಯೊಳಗ ಹತ್ತಿದ್ರ ಹತ್ತೀತು."

"ಅಂದ್ರ ನಿಮ್ಮ ಮದುವಿ ಹಂಗ" ಎಂದೆ.

"ಹಾಂ, ಹಂಗ ಅಂತ ತಿಳೀರಿ" ಎಂದರು. ಹಾಗೆ ಚುಚ್ಚಿದರೆ ಸಿಟ್ಟಾಗುವ ಮನುಷ್ಯ ಅಲ್ಲ.

ಇನ್ನೊಂದು ಮಾತನ್ನು ಪದೇಪದೇ ಹೇಳುತ್ತಿದ್ದರು. ಉರಿ ಸುಮ್ಮನೆ ನಿಂತಿರುವುದಿಲ್ಲ, ಹೊಳೆಯ ಹಾಗೆ ಒಳಗೊಳಗೇ ಸುಳಿ ತಿರುಗುತ್ತಿರುತ್ತದೆ. ಸುಳಿ ಹೊಸ ಗಾಳಿಯನ್ನು ತಂದು ಉರಿಗೆ ಉಣಿಸುತ್ತದೆ. ಅದೇ ಸುಳಿ ಜೋರಾದರೆ ಉರಿಯನ್ನು ಜಗ್ಗಿ ಹರಿದೂ ಹಾಕುತ್ತದೆ. ಸುಳಿ ಎಷ್ಟು ಬೇಗ ಗಾಳಿಯನ್ನು ಬೆರೆಸುತ್ತದೆ ಎಂಬುದಕ್ಕೆ ಲೆಕ್ಕದಲ್ಲಿ ಒಂದು ಅಂಕಿ ಇರುತ್ತದೆ. ಆ ಅಂಕಿ ದೇವರು ಕೊಟ್ಟದ್ದಲ್ಲ. ಯಾರೋ ಎಲ್ಲಿಯೋ ನಿಜವಾದ ಉರಿ ಹಚ್ಚಿ, ಅಳೆದು, ಲೆಕ್ಕಕ್ಕೂ ಅಳತೆಗೂ ತಾಳೆಯಾಗುವ ಹಾಗೆ ಇಟ್ಟದ್ದು. "ಉಪ್ಪು ಇದ್ದಂಗ ಭಾಯಿ. ಎಷ್ಟು ಅಂತ ಉಂಡು ನೋಡಿದವರ ಹೇಳಬೇಕು" ಎನ್ನುತ್ತಿದ್ದರು.

ಕಂಪ್ಯೂಟರು ನಮ್ಮ ಕಡೆ ಎಲ್ಲಿತ್ತು? ರಜೆ ಬಂತೆಂದರೆ ಹೈದರಾಬಾದಿನ ಬಸ್ಸು ಹಿಡಿಯುತ್ತಿದ್ದರು. ಅಲ್ಲಿಯ ಒಂದು ಸಂಸ್ಥೆಯಲ್ಲಿ ಅವರ ಗೈಡ್ ಇದ್ದರು. ಲೆಕ್ಕವನ್ನೆಲ್ಲ ತೂತು ಕೊರೆದ ಕಾರ್ಡುಗಳಲ್ಲಿ ಹಾಕಿ, ರಟ್ಟಿನ ಡಬ್ಬಿಯಲ್ಲಿ ತುಂಬಿ, ಬಟ್ಟೆ ಸುತ್ತಿ, ಎಳೆಗೂಸನ್ನು ಹಿಡಿದ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂಡುತ್ತಿದ್ದರು. ನಮ್ಮ ರಸ್ತೆಗಳ ಗುಣ ಗೊತ್ತಿದೆಯಲ್ಲ. ಒಮ್ಮೆ ಬಸ್ಸು ಜಿಗಿದ ಜಿಗಿತಕ್ಕೆ ಡಬ್ಬಿ ಬಿದ್ದು ಕಾರ್ಡೆಲ್ಲ ಸೀಟಿನ ಕೆಳಗೆ ಹರಡಿ, ಕೋಳಿ ಹಿಡಿದುಕೊಂಡ ಹೆಂಗಸೊಬ್ಬಳು ಒಂದೊಂದೇ ಆರಿಸಿ ಕೊಟ್ಟಳಂತೆ. "ಯಾವ ಆಟದ ಎಲಿ ರೀ ಇವು?" ಎಂದು ಕೇಳಿದಳಂತೆ. ಅಂದಿನಿಂದ ಅವರು ಜೋಡಿಸಿಟ್ಟ ಕಾರ್ಡುಗಳ ನೆತ್ತಿಯ ಮೇಲೆ ಮೂಲೆಯಿಂದ ಮೂಲೆಗೆ ಒಂದು ಓರೆ ಗೆರೆ ಎಳೆಯಲು ಕಲಿತರು. ಕಾರ್ಡು ಚೆಲ್ಲಾಪಿಲ್ಲಿಯಾದರೂ ಗೆರೆ ಕೂಡಿಸಿದರೆ ಲೆಕ್ಕ ಕೂಡುತ್ತಿತ್ತು.

ಅವರ ಬಗ್ಗೆ ನನ್ನ ಹೆಂಡತಿಗೆ ಒಂದು ದೂರಿತ್ತು. ಊಟಕ್ಕೆ ಕರೆದರೆ ರೊಟ್ಟಿ ಮುರಿದು ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿ ಆಮೇಲೆ ಬಾಯಿಗೆ ಇಡುತ್ತಿದ್ದರು. ಸಾಬರ ಮನೆಯ ರೊಟ್ಟಿ ಎಂದು ಹೀಗೆ ಮಾಡುತ್ತಾರೇನೋ ಎಂದು ಅವಳಿಗೆ ಅನುಮಾನ. "ಜಾತಿ ಅಲ್ಲ ಭಾಭಿ, ಜ್ವಾಳ ಮೂಸ್ತೇನಿ" ಎಂದರು ಒಮ್ಮೆ, ತಾವಾಗಿಯೇ. "ಹಗೇವಿನ ಜ್ವಾಳ ನಂಗ ಇಳಿಯೂದಿಲ್ಲ. ಸಿಟ್ಟಾಗಬ್ಯಾಡ್ರಿ." ಹಗೇವು ಎಂದರೆ ನೆಲದೊಳಗೆ ಬಾವಿಯ ಹಾಗೆ ತೋಡಿ, ಸುತ್ತ ಜೋಳದ ಒಣದಂಟಿನ ಕಣಿಕೆ ಇಟ್ಟು, ಜೋಳ ತುಂಬಿ, ಬಾಯಿಗೆ ಕಲ್ಲು ಮಣ್ಣು ಮುಚ್ಚುವ ಕಣಜ. ನಮ್ಮ ಕಡೆ ಆಗ ಮನೆಮನೆಯ ಅಂಗಳದಲ್ಲೂ ಇರುತ್ತಿತ್ತು. ಅದರ ಜೋಳಕ್ಕೆ ಒಂದು ಮುಗ್ಗಿದ ವಾಸನೆ. ಕೆಲವರಿಗೆ ಅದೇ ರುಚಿ. ಇವರಿಗೆ ಅದು ಯಾಕೆ ಆಗದು ಎಂದು ನಾವು ಆಗ ಕೇಳಲಿಲ್ಲ. ಹೆಂಡತಿ ಮಾತ್ರ ಅವರ ಸಲುವಾಗಿ ಚೀಲದ ಜೋಳದ ಹಿಟ್ಟು ಬೇರೆ ಇಡಲು ಶುರುಮಾಡಿದಳು.

ನನ್ನ ತಂಗಿಯ ಮದುವೆಗೆ ಜೇವರ್ಗಿಗೆ ಬಂದಿದ್ದರು. ಅವರಿಗೆಂದು ಬೇರೆ ಒಲೆಯಲ್ಲಿ ಬದನೆಕಾಯಿ ಪಲ್ಯ ಮಾಡಿಸಿದ್ದೆವು. ಅವರು ಊಟ ಬಿಟ್ಟು ಬಿರಿಯಾನಿ ದೇಗುಗಳ ಮುಂದೆ ಹೋಗಿ ನಿಂತುಬಿಟ್ಟರು. ಮುಚ್ಚಳಕ್ಕೆ ಕಣಕದ ಹಿಟ್ಟು ಮೆತ್ತಿ, ಮೇಲೆ ಕೆಳಗೆ ಬೂದಿ ಮುಚ್ಚಿದ ಕೆಂಡ ಹರವಿದ್ದರು; ಉರಿ ಎಂಬುದು ಒಂದು ಎಳೆಯೂ ಇಲ್ಲ. "ಉರಿ ಇಲ್ದ ಹೆಂಗ ಬೇಯ್ತದ?" ಎಂದು ಅಡಿಗೆಯವನನ್ನು ಕೇಳಿದರು. ಅವನು ಕೆಲಸದ ಗಡಿಬಿಡಿಯಲ್ಲಿ, "ಆಗ್ ದಿಖೀ ತೋ ದಮ್ ನೈ ಸಾಬ್" ಎಂದ. ಬೆಂಕಿ ಕಂಡರೆ ಅದು ದಮ್ ಅಲ್ಲ ಎಂದು ನಾನು ಬಿಡಿಸಿ ಹೇಳಿದೆ. ಅವರು ಅಷ್ಟು ಖುಷಿಯಾಗಿದ್ದನ್ನು ನಾನು ಮತ್ತೆ ನೋಡಲಿಲ್ಲ. ಹೈದರಾಬಾದಿನ ಗೈಡ್‌ಗೂ ಆ ಮಾತು ಹೇಳಿದರಂತೆ. ಊಟದ ಕೊನೆಗೆ ನಮ್ಮ ಮಾವನವರು ಎಲೆಅಡಿಕೆ ತಟ್ಟೆ ಹಿಡಿದಾಗ ಮಾತ್ರ ಮುಖ ಸಣ್ಣದು ಮಾಡಿ ಕೈಮುಗಿದರು. ಎಲೆಅಡಿಕೆ ಅವರು ಎಲ್ಲಿಯೂ ಮುಟ್ಟುತ್ತಿರಲಿಲ್ಲ.

ಡಾಕ್ಟರೇಟು ಬಂತು. ಭಟ್ಟಿಯ ಉರಿಗೆ ಅವರು ಹಾಕಿದ ಲೆಕ್ಕ ಹೊರದೇಶದವರು ಅಳೆದದ್ದಕ್ಕೆ ಸರಿಯಾಗಿ ಕೂಡಿತಂತೆ. ಗುಲಬರ್ಗಾದಲ್ಲಿ, ಹೈದರಾಬಾದಿನಲ್ಲಿ ಒಳ್ಳೆಯ ಜಾಗಗಳು ಸಿಗುತ್ತಿದ್ದವು. ಹೋಗಲಿಲ್ಲ. ಇಲ್ಲಿಂದ ಹೋಗಿ ಏನು ಮಾಡಲಿ ಎಂದರು. ಅಷ್ಟರಲ್ಲಿ ನಮ್ಮ ಕಾಲೇಜಿಗೂ ಒಂದು ಕಂಪ್ಯೂಟರು ಬಂದಿತ್ತು. ಅದಕ್ಕೊಂದು ಕೋಣೆ, ಕಿಟಕಿಗೆ ಪರದೆ, ಬಾಗಿಲಲ್ಲಿ ಚಪ್ಪಲಿ ಬಿಡಬೇಕೆಂಬ ಫಲಕ. ಗುಡಿಗೆ ಹೋಗದ ನಮ್ಮ ಪ್ರಿನ್ಸಿಪಾಲರೂ ಅಲ್ಲಿ ಬರಿಗಾಲಲ್ಲಿ ಹೋಗುತ್ತಿದ್ದರು. ಪಾಠ ಮುಗಿದ ಮೇಲೆ ಉರಿ ಮಾಸ್ತರು ಅದರ ಮುಂದೆ ಕೂತರೆ ಏಳುತ್ತಿರಲಿಲ್ಲ. ಲೆಕ್ಕ ತಾಸುಗಟ್ಟಲೆ ನಡೆಯುತ್ತಿತ್ತು. ನಡುವೆ ಕರೆಂಟು ಹೋದರೆ ಎಲ್ಲ ಮಣ್ಣುಪಾಲು. ಹೋಗದ ದಿನ ಯಾವುದಿತ್ತು? ಅವರು ಸಿಡುಕದೆ ಮತ್ತೆ ಮೊದಲಿನಿಂದ ಹಚ್ಚುತ್ತಿದ್ದರು.

ಪದವಿ ಕೈಗೆ ಬಂದ ಮೇಲೂ ಈ ಮನುಷ್ಯ ಯಾವ ಉರಿಯ ಲೆಕ್ಕ ಹಾಕುತ್ತಿದ್ದಾನೆ ಎಂದು ನನಗೆ ಬಗೆಹರಿಯಲಿಲ್ಲ. ಒಂದು ದಿನ ಕೋಣೆಗೆ ಹೋಗಿ ನೋಡಿದೆ. ಪರದೆಯ ಮೇಲೆ ಬರೀ ಅಂಕಿಗಳು. "ಇದು ಯಾವ ಭಟ್ಟಿ?" ಎಂದೆ. "ಭಟ್ಟಿ ಅಲ್ಲ, ಚಿಮಣಿ" ಎಂದರು. ಚಿಮಣಿ ಎಂದರೆ ನಮ್ಮ ಮನೆಗಳ ಗಾಜಿಲ್ಲದ ಸೀಮೆಎಣ್ಣೆ ದೀಪ. ಇಷ್ಟು ಓದಿ ಕಡೆಗೆ ಚಿಮಣಿ ದೀಪಕ್ಕೆ ಬಂದರಲ್ಲ ಎಂದು ನಕ್ಕೆ. ಅವರು ನಗಲಿಲ್ಲ.

ಅದಾದ ಮೇಲೆ ಒಂದು ಭಾನುವಾರ ಸಂಜೆ ಸೊನ್ನದ ಹತ್ತಿರ ಭೀಮೆಯ ದಂಡೆಯಲ್ಲಿ ಕೂತಿದ್ದೆವು. ಆ ಊರಿನಲ್ಲಿ ಅವರ ವಿದ್ಯಾರ್ಥಿಯೊಬ್ಬನ ಮನೆಗೆ ಹೋಗಿ ಬರುವ ದಾರಿ. ಹೊಳೆಯಲ್ಲಿ ನೀರು ಅಷ್ಟಕ್ಕಷ್ಟೇ. ನಾನು ಏನೂ ಕೇಳಿರಲಿಲ್ಲ. ಅವರೇ ಶುರುಮಾಡಿದರು.

"ನಮ್ಮ ಅಣ್ಣ ಹೆಂಗ ಹೋದ ಅಂತ ನಿಮಗ ಹೇಳಿಲ್ಲಲ್ಲ ಭಾಯಿ."

ಅಣ್ಣ ಹಗೇವಿನಲ್ಲಿ ಹೋಗಿದ್ದ. ಇವರು ಗುಲಬರ್ಗಾದಲ್ಲಿ ಕಾಲೇಜು ಓದುತ್ತ ರಜೆಗೆ ಮನೆಗೆ ಬಂದಿದ್ದರು. ಮನೆಯೊಳಗಿನ ಜೋಳ ತೀರಿತ್ತು, ಅಂಗಳದ ಹಗೇವು ತೆಗೆದರು. ಅರ್ಧ ಖಾಲಿಯಾದ ಹಗೇವು, ಒಳಗೆ ಇಳಿದೇ ಬುಟ್ಟಿಗೆ ತುಂಬಿ ಕೊಡಬೇಕು. ಮುಚ್ಚಿಟ್ಟ ಜೋಳ ತಾನೂ ಉಸಿರಾಡಿ ಒಳಗಿನ ಗಾಳಿಯನ್ನು ತಿಂದು ಕೆಡಿಸಿರುತ್ತದೆ. ಅದು ನಮ್ಮ ಹಿರಿಯರಿಗೆ ಗೊತ್ತಿತ್ತು. ಅದಕ್ಕೆ ಬಾಯಿ ತೆರೆದು ಬಿಟ್ಟು, ಬುಟ್ಟಿಯಲ್ಲಿ ದೀಪ ಇಟ್ಟು ಹಗ್ಗದಿಂದ ಇಳಿಸುವುದು ರೂಢಿ. ದೀಪ ಇಳಿಸಿದವನು ಒಂದು ಎಲೆಅಡಿಕೆ ಹಾಕಿಕೊಂಡು, ಅದು ಬಾಯಲ್ಲಿ ಪೂರಾ ಕರಗುವ ತನಕ ದೀಪ ಉರಿದರೆ ಇಳಿಯಬಹುದು. ಆರಿತೋ, ಅವತ್ತು ಇಳಿಯುವ ಮಾತಿಲ್ಲ. ಅವತ್ತು ಎಲೆಅಡಿಕೆ ಹಾಕಿಕೊಂಡು ಹಗೇವಿನ ಬಾಯಲ್ಲಿ ಕೂತವರು ಇವರು.

"ಪೂರಾ ಅಗದೆ ಭಾಯಿ. ಗಡಿಬಿಡಿ ಮಾಡಲಿಲ್ಲ. ಬಗ್ಗಿ ನೋಡಿದೆ, ಕೆಳಗ ಕೆಂಪಗ ಕಾಣ್ತು. ಉರಿಯಾಕತ್ತದ, ಇಳಿ ಅಂದೆ. ಅಣ್ಣ ಇಳಿದ. ಒಂದು ಬುಟ್ಟಿ ತುಂಬಿ ಕೊಟ್ಟ. ಇನ್ನೊಂದು ಕೊಡಲಿಲ್ಲ."

ಕೈಯಲ್ಲಿದ್ದ ಹುಲ್ಲುಕಡ್ಡಿಯನ್ನು ನೀರಿಗೆ ಎಸೆದು ಮುಂದುವರಿಸಿದರು.

"ಮಂದಿ ಬಂದು ಮ್ಯಾಲ ತೆಗೆಯೂದರಾಗ ಎಲ್ಲಾ ಮುಗಿದಿತ್ತು. ಆಮ್ಯಾಲ ನೋಡ್ತೇನಿ, ಚಿಮಣಿ ಬಾಜೂಕ ಕಟ್ಟಿ ಮ್ಯಾಲ ಅದ. ಆರ್ಯಾದ. ಅದು ಯಾವಾಗ ಆರ್ತು? ಮ್ಯಾಲ ಬಂದ ಮ್ಯಾಲ ಗಾಳಿಗಿ ಆರ್ತೋ, ಕೆಳಗ ಇದ್ದಾಗನ ಆರಿತ್ತೋ? ಬತ್ತಿ ಆರಿದ ಮ್ಯಾಲನೂ ತುದಿ ಕೆಂಪಗ ಇರ್ತದ ಭಾಯಿ. ಮ್ಯಾಲಿಂದ ಬಗ್ಗಿ ನೋಡಿದ್ರ ಅದೂ ಒಂದ, ಇದೂ ಒಂದ. ನಾ ಏನ್ ನೋಡಿದೆ? ಉರಿ ನೋಡಿದ್ನೋ, ಬರೇ ಕೆಂಪು ನೋಡಿದ್ನೋ?"

ಆಗ ನನಗೆ ಇಷ್ಟು ವರ್ಷದ ಅವರ ಲೆಕ್ಕ ಯಾವುದೆಂದು ತಿಳಿಯಿತು. ಒಬ್ಬ ಮನುಷ್ಯನನ್ನು ಕೊಲ್ಲುವ ಗಾಳಿಯಲ್ಲಿ ಒಂದು ದೀಪ ಉರಿಯಬಲ್ಲದೋ ಇಲ್ಲವೋ? ಉರಿಯಬಲ್ಲದು ಎಂದಾದರೆ ದೀಪ ಅವರಿಗೂ ಅಣ್ಣನಿಗೂ ಮೋಸ ಮಾಡಿತು, ಅವರ ಕಣ್ಣಲ್ಲ. ಉರಿಯಲಾರದು ಎಂದಾದರೆ ಆರಿದ ದೀಪ ನೋಡಿ ಅಣ್ಣನನ್ನು ಇಳಿ ಎಂದವರು ಅವರೇ. ಇದೊಂದು ಪ್ರಶ್ನೆಯ ಬೆನ್ನು ಹತ್ತಿ ಭಟ್ಟಿ, ಹೈದರಾಬಾದು, ಡಾಕ್ಟರೇಟು ಎಲ್ಲ ಸುತ್ತಿ ಬಂದಿದ್ದರು.

"ಲೆಕ್ಕ ಏನ್ ಹೇಳ್ತು?" ಎಂದೆ.

"ಎರಡೂ ಹೇಳ್ತದ." ಅವರು ನಕ್ಕ ಹಾಗೆ ಮಾಡಿದರು. "ಬುಟ್ಟಿ ಇಳಿಯೂ ಮುಂದ ತನ್ನ ಜೋಡಿ ಮ್ಯಾಲಿನ ಗಾಳಿ ಒಂದಿಷ್ಟು ಎಳ್ಕೊಂಡು ಹೋಗ್ತದ. ಉರಿ ತಾನೂ ಸುಳಿ ಎಬ್ಬಿಸಿ ಮ್ಯಾಲಿಂದ ಜಗ್ತದ. ಸುಳಿಯ ಅಂಕಿ ಜರಾ ಹೆಚ್ಚಿಗಿ ಇಟ್ರ ದೀಪ ಎಲಿ ಮುಗಿಯೂ ತನಕ ಉರೀತದ. ಜರಾ ಕಡಿಮಿ ಇಟ್ರ ಅರ್ಧಕ್ಕ ಆರ್ತದ. ಎರಡೂ ಅಂಕಿ ಇಡಬಹುದು, ಯಾರೂ ತಪ್ಪು ಅನ್ನೂದಿಲ್ಲ."

"ಭಟ್ಟಿಗೆ ಇಟ್ಟ ಅಂಕಿ ಇಡ್ರಲ್ಲ."

"ಭಟ್ಟಿಗಿ ಅಳತಿ ಮಾಡಿದವರು ಅದಾರ. ನಮ್ಮ ಹಗೇವಿಗಿ ಯಾರ್ ಮಾಡ್ಯಾರ? ಕೈಯಾಗ ಉಪ್ಪು ಹಿಡ್ಕೊಂಡು, ನನಗ ಬೇಕಾದ ರುಚಿ ಬರೂ ತನಕ ನಾನ ಹಾಕ್ಕೊಂಡಂಗ ಆಗ್ತದ. ಹಂಗ ಮಾಡಿ ನಾ ತಪ್ಪಿಲ್ಲ ಅಂತ ಹೇಳ್ಕೊಳ್ಳಾಕ ಆಗೂದಿಲ್ಲ ಭಾಯಿ."

ಕನ್ನಡದವನ ದಡ್ಡ ಬುದ್ಧಿಗೆ ತೋಚಿದ್ದನ್ನು ಹೇಳಿದೆ, ಇನ್ನೊಂದು ಹಗೇವು ತೆಗೆಸಿ ದೀಪ ಇಳಿಸಿ ನೋಡಬಹುದಲ್ಲ ಎಂದು. "ಅದು ಆ ಹಗೇವು ಅಲ್ಲ, ಅವತ್ತಿನ ಗಾಳಿ ಅಲ್ಲ" ಎಂದರು. ಅದನ್ನೂ ಅವರು ಎಷ್ಟು ಸಲ ಯೋಚಿಸಿದ್ದರೋ. ಆಮೇಲೆ ಕೇಳಿದೆ, "ಅಲ್ಲಿ ಇನ್ನ್ಯಾರು ಇದ್ರು?"

"ವೈನಿ ಇದ್ರು. ಅಣ್ಣನ ಹೇಣ್ತಿ. ಮತ್ಯಾರೂ ಇರಲಿಲ್ಲ."

"ಅವರನ್ನ ಕೇಳಬೇಕಿತ್ತು."

"ಏನಂತ ಕೇಳಲಿ ಭಾಯಿ?" ಅವರ ದನಿ ಏರಲಿಲ್ಲ. "ನಿಮ್ಮ ಗಂಡನ್ನ ಇಳಿ ಅಂದವ ನಾನ, ಆವಾಗ ಖರೇನ ದೀಪ ಇತ್ತೇನ್ರಿ ಅಂತ ಕೇಳಲಿ? ಇರಲಿಲ್ಲ ಅಂದ್ರ? ಅವರಿಗಿ ಆ ಸಂಶೇ ಇಲ್ಲದಿದ್ರ ಅದನ್ನ ನಾನ ಹೋಗಿ ಹಾಕಿ ಬಂದಂಗ ಆಗೂದಿಲ್ಲೇನು?"

ಕತ್ತಲಾಗುವ ಮೊದಲು ಬಸ್ಸು ಹಿಡಿಯಬೇಕಿತ್ತು, ಎದ್ದೆವು. ದಾರಿಯಲ್ಲಿ ಅವರು ನಮ್ಮ ಹುಡುಗರ ಕನ್ನಡದ ಅಂಕ ಯಾಕೆ ಇಷ್ಟು ಕಮ್ಮಿ ಎಂದು ನನ್ನನ್ನೇ ಕಾಡಿಸಿದರು.

ಊರಿಗೆ ಅವರು ಹಬ್ಬಕ್ಕೆ ತಪ್ಪದೆ ಹೋಗುತ್ತಿದ್ದರು. ಅಣ್ಣನ ಮಗಳನ್ನು ಓದಿಸಿ ಮದುವೆ ಮಾಡಿದವರೂ ಇವರೇ. ಆದರೆ ವೈನಿಯ ಎದುರಿಗೆ ಕೂತು ಮಾತಾಡಿದ್ದು ಇಲ್ಲವಂತೆ. ತಲೆ ಬಗ್ಗಿಸಿ ಉಣ್ಣುವುದು, ಹೊರಗೆ ಕಟ್ಟೆಯ ಮೇಲೆ ಕೂಡುವುದು, ಮರುದಿನ ಹೊರಡುವುದು. ಅಂಗಳದ ಹಗೇವಿಗೆ ಮಣ್ಣು ತುಂಬಿ ಸಮ ಮಾಡಿದ್ದರು. ಮನೆಯಲ್ಲಿ ಅದರ ಹೆಸರು ಯಾರೂ ಎತ್ತುತ್ತಿರಲಿಲ್ಲ. ಒಬ್ಬರ ದುಃಖವನ್ನು ಇನ್ನೊಬ್ಬರು ಮುಟ್ಟದೆ ಬಿಡುವುದನ್ನೇ ನಮ್ಮಲ್ಲಿ ಮರ್ಯಾದೆ ಎನ್ನುತ್ತಾರೆ. ನನಗೆ ಈಗ ಆ ಮರ್ಯಾದೆಯ ಮೇಲೆ ಬಹಳ ಸಿಟ್ಟಿದೆ.

ಈ ಸಲ ಪರೀಕ್ಷೆಯ ಕೆಲಸಕ್ಕೆ ಇಬ್ಬರನ್ನೂ ಜೇವರ್ಗಿಗೆ ಹಾಕಿದ್ದರು. ನಮ್ಮ ಮನೆಯಲ್ಲೇ ಇಳಿದುಕೊಂಡಿದ್ದರು. ಬೆಳಿಗ್ಗೆ ಚಹಾ ಕುಡಿದು, ನಮ್ಮವ್ವನ ಜೊತೆ ಅವಳ ಮೊಣಕಾಲು ನೋವಿನ ಬಗ್ಗೆ ಮಾತಾಡುತ್ತ ಕೂತವರು ಎದೆ ಹಿಡಿದುಕೊಂಡರು. ಡಾಕ್ಟರು ಬರುವಷ್ಟು ಹೊತ್ತೂ ಸಿಗಲಿಲ್ಲ. ಅವರಿಗೆ ಸಾಯುವ ವಯಸ್ಸಲ್ಲ, ಐವತ್ತೂ ಆಗಿರಲಿಲ್ಲ. ನಮ್ಮವ್ವ ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಲ್ಮಾ ಓದಲೋ ಬೇಡವೋ ತಿಳಿಯದೆ ನನ್ನ ಮುಖ ನೋಡಿದಳು. "ಓದವ್ವಾ" ಎಂದೆ.

ಟೆಂಪೋದಲ್ಲಿ ಹೆಣ ಇಟ್ಟುಕೊಂಡು ಗುಲಬರ್ಗಾ ದಾಟಿ, ಆಳಂದ ದಾಟಿ ಅವರ ಊರು ಮುಟ್ಟಿದೆವು. ದಾರಿಯುದ್ದಕ್ಕೂ ಗುಂಡಿ ಬಂದಾಗಲೆಲ್ಲ ಅವರು ಜಾರದ ಹಾಗೆ ನಾನು ಹಿಡಿದುಕೊಂಡಿದ್ದೆ. ಮನೆಯಲ್ಲಿ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಅವರ ಪದ್ಧತಿಯ ಹಾಗೆ ಗೋಡೆಗೆ ಒರಗಿಸಿ ಕೂಡಿಸಿದರು. ಕೂತು ಏನೋ ಲೆಕ್ಕ ಹಾಕುತ್ತಿರುವ ಹಾಗೇ ಇದ್ದರು. ಹೆಂಗಸರು ಸುತ್ತ ಕೂತು ಅಳುತ್ತಿದ್ದರು.

ವೈನಿ ಒಳಗೆ ಅಡಿಗೆಮನೆಯ ಹೊಸ್ತಿಲಲ್ಲಿ ಒಬ್ಬರೇ ಕೂತಿದ್ದರು. ತಲೆಯೆಲ್ಲ ಬೆಳ್ಳಗಾದ, ಸಣ್ಣ ಆಳಿನ ಹೆಂಗಸು. ನಾನು ಯಾರೆಂದು ಹೇಳಿದೆ. "ಗೊತ್ತದರಿ. ನಿಮ್ಮ ಮನಿ ರೊಟ್ಟಿ ಸುದ್ದಿ ಹೇಳ್ತಿದ್ರು ಅಂತ ನನ್ನ ಮಗಳು ಹೇಳ್ತಾಳ. ನನ್ನ ಜೋಡಿ ಅವರು ಅಷ್ಟು ಮಾತಾಡ್ತಿರಲಿಲ್ಲ" ಎಂದರು. ತಾವೇ ಮುಂದುವರಿಸಿದರು. "ನನ್ನ ಮ್ಯಾಲ ಸಿಟ್ಟಿತ್ತರಿ ಅವರಿಗಿ. ಜ್ವಾಳ ತೀರ್ಯಾವ, ಇವತ್ತ ಹಗೇವು ತೆಗೀರಿ ಅಂದಾಕಿ ನಾನ. ಅದಕ್ಕ ಮುಖಾ ಎತ್ತಿ ನೋಡ್ತಿರಲಿಲ್ಲ. ಅದು ನಂಗ ತಿಳೀತಿತ್ತು."

ಆಗ ನಾನು ತಡೆಯಲಾರದೆ ಹೇಳಿಬಿಟ್ಟೆ. ಸಿಟ್ಟಲ್ಲ ಎಂದೆ. ಭೀಮೆಯ ದಂಡೆಯಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ. ಕೆಳಗೆ ಕಂಡದ್ದು ದೀಪವೋ ಬರೀ ಕೆಂಪು ಬತ್ತಿಯೋ ತಿಳಿಯದೆ, ಅದೊಂದನ್ನೇ ಜೀವಮಾನವೆಲ್ಲ ಕಂಪ್ಯೂಟರಿಗೆ ಕೇಳುತ್ತ ಹೋದರು ಎಂದು, ಕಟ್ಟೆಯ ಮೇಲೆ ದೀಪ ಆರಿ ಬಿದ್ದಿತ್ತಂತಲ್ಲ ಎಂದು.



"ಆ ದೀಪ ಮ್ಯಾಲ ಜಗ್ಗಿದಾಕಿ ನಾನ ಅಲ್ಲೇನ್ರಿ" ಎಂದರು ವೈನಿ. "ಅವರು ಅಣ್ಣಗ ಇಳಿಯೂ ಹಗ್ಗ ಕಂಬಕ್ಕ ಬಿಗಿಯಾಕ ಹ್ವಾದ್ರು, ದೀಪದ ಹಗ್ಗ ನನ್ನ ಕೈಯಾಗ ಕೊಟ್ರು. ಚೊಲೋ ಉರೀತಿತ್ತು. ಹಗಲಾಗ ಎಣ್ಣಿ ಯಾಕ ಹಾಳ ಅಂತ ನಾನ ಊದಿ ಆರಿಸಿ ಕಟ್ಟಿ ಮ್ಯಾಲ ಇಟ್ಟೆ."

ಅವರು ಅಳಲಿಲ್ಲ. "ಇಷ್ಟ ಕೇಳಿದ್ರ ಹೇಳ್ತಿದ್ನಲ್ಲ" ಎಂದರು, ನನಗಲ್ಲ.

ಹೊರಗೆ ಜಂಗಮರು ಬಂದರು, ಮಣ್ಣಿಗೆ ಹೊರಡುವ ಹೊತ್ತಾಯಿತು ಎಂದು ಯಾರೋ ಕೂಗಿದರು. ವೈನಿ ಸೆರಗು ತಲೆಯ ಮೇಲೆ ಎಳೆದುಕೊಂಡು ಎದ್ದರು. ಹೆಂಗಸರ ನಡುವೆ ದಾರಿ ಮಾಡಿಕೊಂಡು ಹೋಗಿ, ಒರಗಿ ಕೂತಿದ್ದ ಮೈದುನನ ನೇರ ಎದುರಿಗೆ ಕೂತರು. ಅವರ ಗದ್ದ ಹಿಡಿದು, ಬಾಗಿದ್ದ ಮುಖವನ್ನು ತಮ್ಮ ಕಡೆ ಎತ್ತಿದರು.

"ದೀಪ ಉರೀತಿತ್ತು ತಮ್ಮಾ" ಎಂದರು. "ನಾ ನೋಡೀನಿ. ಉರೀತಿತ್ತು."

ಸುತ್ತ ಕೂತವರಿಗೆ ಅದೇನೆಂದು ತಿಳಿಯಲಿಲ್ಲ. ದುಃಖದಲ್ಲಿ ಏನೋ ಅನ್ನುತ್ತಿದ್ದಾಳೆ ಎಂದುಕೊಂಡು ಅವರು ಇನ್ನಷ್ಟು ಜೋರಾಗಿ ಅತ್ತರು.